ಇಲ್ಲಿ ನಮ್ಮೂರಿನ ಹಾಗೇ ಇದೆ

ಉಪ್ಪಾರಹಳ್ಳಿ, ತುಮಕೂರು
5 ಅಕ್ಟೋಬರ್ 2025

ಚಂದ್ರು,

ಫೋನಿರುವಾಗ ಅಕ್ಕನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ನಿನ್ನ ಫೋನು ಬೆಳಗಿನಿಂದ ಸಂಜೆತನಕ ಸೈಟಿನ ಗೇಟಿನಲ್ಲಿ ಡಬ್ಬಿಯೊಳಗೆ ಮಲಗಿರುತ್ತದೆ. ಸಂಜೆ ನೀನು ಮಾಡಿದರೆ ಈ ಮನೆಯಲ್ಲಿ ಸ್ಪೀಕರ್ ಹಾಕದೆ ಮಾತಾಡುವುದೇ ಅಪರಾಧ. ನಮ್ಮತ್ತೆ ಚಿಕ್ಕಗಂಗಮ್ಮನವರು ಒಂದು ಕಡೆ, ಗುಬ್ಬಿಯಿಂದ ಅಮ್ಮ ಬಂದಿದ್ದರೆ ಅವಳು ಇನ್ನೊಂದು ಕಡೆ, ನಿಮ್ಮ ಭಾವ ತಟ್ಟೆ ಮುಂದೆ. ಇಷ್ಟು ಜನರ ನಡುವೆ ಊಟ ಆಯ್ತಾ ಅನ್ನುವುದು ಬಿಟ್ಟು ಇನ್ನೇನು ಕೇಳಲಿ? ಅದಕ್ಕೇ ಕಾಗದ. ಉತ್ತರ ಬರೆಯದಿದ್ದರೆ ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ.

ನಿನ್ನ ಅಣುಸ್ಥಾವರಕ್ಕೆ ಮಾಡಿದ ಸ್ನಬ್ಬರುಗಳು ಮೊನ್ನೆ ಲಾರಿ ಹತ್ತಿದವು. ಊರಂಚಿನ ಸತ್ಯಮಂಗಲದ ನಮ್ಮ ಶೆಡ್ಡಿನಲ್ಲಿ ಆರು ತಿಂಗಳಿಂದ ಅವುಗಳದ್ದೇ ಜಪ. ಈ ಸರಕು ಏನು ಮಾಡುತ್ತದೆ ಎಂದು ಅಮ್ಮ ಕೇಳಿದಾಗ, ನಮ್ಮ ಹಿರಿಯ ಫಿಟ್ಟರ್ ಬೆಟ್ಟಸ್ವಾಮಿ ಒಂದನ್ನು ಕೈಗೆತ್ತಿಕೊಂಡು ತೋರಿಸಿದ. ಒಂದರೊಳಗೊಂದು ಜಾರುವ ಎರಡು ಕೊಳವೆ. ಪೈಪು ಬಿಸಿಯಾಗಿ ನಿಧಾನಕ್ಕೆ ಹಿಗ್ಗಿದರೆ ಬಿಟ್ಟುಕೊಡಬೇಕು, ನೆಲ ನಡುಗಿ ದಿಢೀರನೆ ಎಳೆದರೆ ಗಟ್ಟಿಯಾಗಿ ಹಿಡಿಯಬೇಕು. ನಮ್ಮತ್ತೆಯ ಹಾಗಲ್ಲ, ಅವರು ಎರಡಕ್ಕೂ ಹಿಡಿದೇ ನಿಲ್ಲುತ್ತಾರೆ. ಪ್ರತಿಯೊಂದನ್ನೂ ನಾನೇ ಎಳೆದು, ತಳ್ಳಿ, ಪರೀಕ್ಷೆ ಮಾಡಿ ಸಹಿ ಹಾಕಿದ್ದೇನೆ. ತಮ್ಮ ಇರುವ ಜಾಗಕ್ಕೆ ಹೋಗುವ ಸರಕು ಅಂತ ಒಂದು ಕೈ ಹೆಚ್ಚೇ ನೋಡಿದ್ದೇನೆ ಅನ್ನು.

ಆಯುಧಪೂಜೆಗೆ ಅವುಗಳನ್ನೆಲ್ಲ ಲೇತ್ ಮುಂದೆ ಸಾಲಾಗಿ ಜೋಡಿಸಿದ್ದೆವು. ಅಮ್ಮ ಗಾಣದ ಕೊಬ್ಬರಿ ಎಣ್ಣೆಯ ಕ್ಯಾನು ಹೊತ್ತುಕೊಂಡು ಬಂದಿದ್ದಳು. ಅವುಗಳ ಮುಂದೆ ಕೂತು, ‘ಇವು ನಮ್ ಚಂದ್ರು ಇರೋ ಕಡೀಕೇ ಹೋಯ್ತಾವಾ?’ ಎಂದು ಮತ್ತೆ ಮತ್ತೆ ಕೇಳಿದಳು. ಪೂಜೆ ಪೂರ್ತಿ ನೋಡಲು ನನಗಾಗಲಿಲ್ಲ. ಅತ್ತೆಗೆ ತಲೆ ಸುತ್ತಿತೆಂದು ಫೋನ್ ಬಂದು ಮನೆಗೆ ಓಡಿದೆ. ನಾನು ಹೋಗುವಷ್ಟರಲ್ಲಿ ಎದ್ದು ಕೂತು ಕಾಫಿ ಕುಡಿಯುತ್ತಿದ್ದರು.

ಮಾನಸಾಳನ್ನು ನೋಡಲು ಕುಣಿಗಲ್ಲಿಗೆ ಹೋಗುತ್ತೇನೆ. ತವರಿನಲ್ಲಿ ಹೊಟ್ಟೆ ಹೊತ್ತುಕೊಂಡು ಕೂತ ಹೆಂಡತಿಗೆ ವಾರಕ್ಕೊಂದು ಸಲವಾದರೂ ನೆಟ್ಟಗೆ ಮಾತಾಡು.

ನಿನ್ನ ಅಕ್ಕ,
ಪ್ರಮೀಳಾ


ಪ್ರಾಜೆಕ್ಟ್ ಕಾಲೊನಿ
28 ಅಕ್ಟೋಬರ್ 2025

ಅಕ್ಕಾ,

ನಿನ್ನ ಕಾಗದ ಬಂದ ದಿನವೇ ಲಾರಿಯೂ ಬಂತು. ಪೆಟ್ಟಿಗೆಯ ಮೇಲೆ ‘ತುಮಕೂರು’ ಅಂತ ನೋಡಿ ಎದೆ ಉಬ್ಬಿತು ಕಣೇ. ಇಲ್ಲಿ ಕನ್ನಡ ಬರುವವರು ನನ್ನ ಮೇಲಧಿಕಾರಿ ಅನಿಕೇತ್ ಒಬ್ಬರೇ. ಅವರನ್ನು ಕರೆದು, ‘ಸಾರ್, ಇದು ನಮ್ಮ ಅಕ್ಕನ ಸಹಿ’ ಎಂದು ತೋರಿಸಿದೆ. ಹಾಗಾದರೆ ಏನಾದರೂ ಕೆಟ್ಟರೆ ಅಕ್ಕ ತಮ್ಮ ಇಬ್ಬರನ್ನೂ ಹಿಡಿಯಬಹುದು ಎಂದು ನಕ್ಕರು. ಒಂದೊಂದನ್ನೂ ನಾನೇ ಮುಂದೆ ನಿಂತು ಪೈಪುಗಳಿಗೆ ಹಾಕಿಸಿದ್ದೇನೆ.

ಹಾಕಿಸಿದ್ದು ಎಂಥ ಪೈಪಿಗೆ ಗೊತ್ತಾ? ಇಲ್ಲಿನ ಒಲೆ ನಮ್ಮ ಒಲೆಯಂತಲ್ಲ. ಆರಿಸಿದ ಮೇಲೂ ದಿನಗಟ್ಟಲೆ ಒಳಗೊಳಗೇ ಕಾಯುತ್ತಿರುತ್ತದೆ. ಅದರ ಮೇಲೆ ತಣ್ಣೀರು ಹರಿಯುತ್ತಲೇ ಇರಬೇಕು, ಒಂದು ಗಳಿಗೆಯೂ ನಿಲ್ಲಬಾರದು. ಆ ತಣ್ಣೀರಿನ ಪೈಪುಗಳನ್ನು ಹಿಡಿದುಕೊಂಡಿರುವುದು ನಿಮ್ಮ ಶೆಡ್ಡಿನ ಸರಕು.

ಒಂದು ಮಾತು. ಅಮ್ಮ ಫೋನಿನಲ್ಲಿ ಅಲ್ಲಿ ಚಳಿಯಾ ಎಂದು ಕೇಳಿದರೆ, ಎರಡು ವರ್ಷದಿಂದ ನಾನು ಒಂದೇ ಉತ್ತರ ಹೇಳುತ್ತಿದ್ದೇನೆ. ‘ಇಲ್ಲಿ ನಮ್ಮೂರಿನ ಹಾಗೇ ಇದೆ ಅಮ್ಮ, ಬೆಚ್ಚಗೆ.’ ನಿಜ ಹೇಳಬೇಕೆಂದರೆ ಈಗಲೇ ಬೆಳಿಗ್ಗೆ ನಲ್ಲಿ ತಿರುಗಿಸಲು ಕೈ ಬರುವುದಿಲ್ಲ. ಬೆಟ್ಟಗಳ ಬುಡ ಇದು, ನೆಲವೂ ಆಗಾಗ ಮೈ ಕೊಡವುತ್ತದೆ. ಸಣ್ಣದು, ತಟ್ಟೆ ಲೋಟ ಅಲ್ಲಾಡುವಷ್ಟು. ಅದನ್ನು ಮಾನಸಾಳಿಗೂ ಹೇಳಿಲ್ಲ, ಅವಳ ಅಪ್ಪನಿಗಂತೂ ಮೊದಲೇ ಹೇಳಿಲ್ಲ. ನೀನೂ ಬಾಯಿ ಬಿಡಬೇಡ. ಸುಮ್ಮನೆ ಎಲ್ಲರ ನಿದ್ದೆ ಯಾಕೆ ಕೆಡಿಸಬೇಕು?

ನಿನ್ನ
ಚಂದ್ರು


ಉಪ್ಪಾರಹಳ್ಳಿ, ತುಮಕೂರು
19 ನವೆಂಬರ್ 2025

ಅಪ್ಪನಾದವನೇ,

ಹುಡುಗಿ ನಿನ್ನ ಮೂಗು ಹೊತ್ತುಕೊಂಡು ಬಂದಿದ್ದಾಳೆ, ಪಾಪ. ಬಾಕಿಯೆಲ್ಲ ಮಾನಸಾ. ಬಾಣಂತಿ ಚೆನ್ನಾಗಿದ್ದಾಳೆ. ಅಮ್ಮ ಗುಬ್ಬಿಯ ಮನೆಯನ್ನು ಚಿಕ್ಕಪ್ಪನವರಿಗೆ ಒಪ್ಪಿಸಿ ಬಂದು ಕುಣಿಗಲ್ಲಿನಲ್ಲಿ ಕೂತಿದ್ದಾಳೆ. ಮಗುವಿಗೆ ನೀರು ಹಾಕುವುದು ಹೇಗೆಂದು ಬೀಗಿತ್ತಿಗೆ ಪಾಠ ಹೇಳುತ್ತಿದ್ದಾಳೆ. ಇನ್ನೆರಡು ದಿನ ಇದ್ದರೆ ಬೀಗರು ಬೀಗರಾಗಿ ಉಳಿಯುವುದಿಲ್ಲ ಎಂದು ನಾನು ಅವಳನ್ನು ತುಮಕೂರಿಗೆ ಎಳೆದು ತರುವವಳಿದ್ದೇನೆ.

ಈಗ ಕೇಳು, ನಗುವ ವಿಷಯವಲ್ಲ. ನಿನ್ನ ಮಾವ ರಾಮಾಂಜಿನಯ್ಯನವರು ನನ್ನನ್ನು ಹಜಾರದಲ್ಲಿ ಕೂರಿಸಿಕೊಂಡರು. ಟೀವಿಯಲ್ಲಿ ನಿಮ್ಮ ಕಡೆಯ ನೆಲ ನಡುಗಿದ್ದನ್ನು ನೋಡಿದ್ದಾರೆ. ಮೂವತ್ತು ವರ್ಷ ಕುದುರೆ ಸಾಕಿದ ಮನುಷ್ಯ, ನೆಲದ ಸುದ್ದಿ ಕುದುರೆಗೆ ಮೊದಲು ಗೊತ್ತಾಗುತ್ತದೆ ಎಂದರು. ಆ ಸ್ಥಾವರದ ಹತ್ತಿರ ಒಂದಾದರೂ ಕುದುರೆ ಕಟ್ಟಿದ್ದಾರಾ ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

‘ನಡುಗೋ ನೆಲದ ಮೇಲೆ ಅಂಥ ಒಲೆ ಕಟ್ಟವ್ರೆ. ಅದರ ಪಕ್ಕದಾಗೆ ನನ್ ಮೊಮ್ಮಗೀನ ತೊಟ್ಟಿಲು ಕಟ್ಟಬೇಕಾ? ನೀವು ಒಂದು ಮಾತು ಹೇಳಿ ತಾಯಿ. ನೀವು ಹೇಳಿದ್ರೆ ಕಳಿಸ್ತೀನಿ, ಇಲ್ಲಾಂದ್ರೆ ಇಲ್ಲ.’

ಏನು ಹೇಳಲಿ ಚಂದ್ರು? ಮಾನಸಾ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಿನ್ನನ್ನು ನೋಡದೆ ಅವಳಿಗೆ ನಾಲ್ಕು ತಿಂಗಳಾಯಿತು. ನೆಲ ನಡುಗಿದರೂ ಪೈಪು ಅಲ್ಲಾಡದ ಹಾಗೆ ಹಿಡಿಯುವುದು ನಮ್ಮ ಕೈಯಲ್ಲೇ ಆದ ಸರಕು, ನಾನೇ ನೋಡಿ ಕಳಿಸಿದ್ದೇನೆ, ಧೈರ್ಯವಾಗಿ ಕಳಿಸಿ ಎಂದೆ. ಅವರು ಸಂಕ್ರಾಂತಿ ಕಳೆದ ಮೇಲೆ ಒಳ್ಳೆಯ ದಿನ ನೋಡಿ ತಾವೇ ಕರೆದುಕೊಂಡು ಬರುವುದಾಗಿ ಹೇಳಿದರು.

ನಾನು ಮಾತು ಕೊಟ್ಟಾಗಿದೆ. ಅಲ್ಲಿ ಎಲ್ಲ ಸರಿ ಇದೆ ತಾನೇ?

ಪ್ರಮೀಳಾ


ಪ್ರಾಜೆಕ್ಟ್ ಕಾಲೊನಿ
10 ಡಿಸೆಂಬರ್ 2025

ಅಕ್ಕಾ,

ಮಗಳ ಫೋಟೋ ನೋಡಿದೆ. ಮೂಗು ನನ್ನದೇ, ಒಪ್ಪಿಕೊಂಡೆ.

ಒಂದು ವಿಷಯ ಕೇಳುತ್ತೇನೆ, ರೇಗಬೇಡ. ಸ್ನಬ್ಬರುಗಳಿಗೆ ಹಾಕಿದ ಗ್ರೀಸು ಯಾವುದು? ಕಾಗದದಲ್ಲಿ ಬರೆದಿರುವುದೇ ಹಾಕಿದ್ದಾ? ನಡುವೆ ಭಾವ ಏನಾದರೂ ಬೇರೆ ಕಡೆಯಿಂದ ತರಿಸಿದ್ದರಾ, ಸ್ವಲ್ಪ ಕಡಿಮೆ ರೇಟಿನದು? ಅವರನ್ನೇ ಕೇಳಬೇಡ. ನೀನೇ ಸುಮ್ಮನೆ ಸ್ಟೋರಿನಲ್ಲಿ ನೋಡು.

ಯಾಕೆಂದರೆ, ಚಳಿ ಜೋರಾದ ಮೇಲೆ ಒಂದು ಪೀಸು ಬಿಗಿಯಾಗಿದೆ. ಪೈಪಿನಿಂದ ಬಿಚ್ಚಿ ಕೈಯಲ್ಲಿ ಎಳೆದರೆ ಜಾರುವುದೇ ಇಲ್ಲ. ಸಂದಿನಲ್ಲಿ ಟಾರ್ಚು ಬಿಟ್ಟು ನೋಡಿದೆ. ಬೂದು ಬಣ್ಣದ ಗ್ರೀಸಿನ ಜೊತೆ ಏನೋ ಬೆಳ್ಳಗಿನದು ಗಡ್ಡೆ ಕಟ್ಟಿದೆ. ವಾಸನೆ ನೋಡೋಣವೆಂದರೆ ಹದಿನೈದು ದಿನದಿಂದ ನನ್ನ ಮೂಗೇ ಕಟ್ಟಿದೆ. ಇನ್ನೂ ಎರಡರಲ್ಲಿ ಅದೇ ಬಿಳುಪು ಕಂಡಿತು.

ನಿಧಾನಕ್ಕೆ ಬಿಟ್ಟುಕೊಡದಿದ್ದರೆ ಆ ಪೀಸು ಇದ್ದೂ ದಂಡ. ಪೈಪು ಹಿಗ್ಗಬೇಕೆಂದಾಗಲೆಲ್ಲ ಇದು ಹಿಡಿದು ನಿಲ್ಲುತ್ತದೆ, ಒಂದೊಂದು ಸಲಕ್ಕೂ ಪೈಪಿನ ಬೆಸುಗೆಗೆ ಪೆಟ್ಟು. ಹೀಗೆ ಸೋತ ಬೆಸುಗೆಯ ಮೇಲೆ ಒಂದು ದಿನ ನೆಲ ನಡುಗಿದರೆ ಏನಾಗುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಜನವರಿ ಮಧ್ಯದಲ್ಲಿ ಹಾಟ್ ರನ್ ಇದೆ. ಇಂಧನ ಹಾಕುವ ಮುಂಚೆ ಎಲ್ಲ ಪೈಪುಗಳಲ್ಲೂ ಬಿಸಿನೀರು ಹರಿಸಿ ನೋಡುತ್ತಾರೆ. ಅದು ಪಾಸಾದರೆ ಇಂಧನ ಒಳಗೆ ಹೋದ ಹಾಗೆ.

ಅನಿಕೇತ್ ಅವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಮೊದಲು ಬರುವ ಹೆಸರು ಭಾವನದು, ಎರಡನೆಯದು ನಿನ್ನದು. ಅದಕ್ಕೇ ಕೇಳುತ್ತಿದ್ದೇನೆ.

ಚಂದ್ರು


ಉಪ್ಪಾರಹಳ್ಳಿ, ತುಮಕೂರು
17 ಡಿಸೆಂಬರ್ 2025

ಚಂದ್ರು,

ರೇಗಬೇಡ ಎಂದು ಬರೆದಿದ್ದೀಯ. ರೇಗಿದ್ದೇನೆ.

ನಿನ್ನ ಭಾವನನ್ನು ನೀನು ಇಷ್ಟೇ ತಿಳಿದದ್ದಾ? ಈ ಒಂದು ಕೆಲಸಕ್ಕಾಗಿ ಮನುಷ್ಯ ಬೇರೆ ಆರ್ಡರುಗಳನ್ನು ವಾಪಸ್ ಕಳಿಸಿದರು. ನೀನು ಹೇಳಿದೆಯೆಂದು ಕಳ್ಳಿಯ ಹಾಗೆ ನನ್ನ ಗಂಡನ ಸ್ಟೋರಿನಲ್ಲಿ ನಾನೇ ಹುಡುಕಿದೆ. ಗ್ರೀಸು ಅದೇ, ಡಬ್ಬಿ ಅದೇ, ಬಣ್ಣ ಬೂದು. ಬಿಳುಪು ಎಲ್ಲಿಂದ ಬಂತು ಎನ್ನುವುದನ್ನು ನಿಮ್ಮ ಗೋದಾಮಿನವರನ್ನು ಕೇಳು. ಮಂಜಿನಲ್ಲಿ ಬಿಸಾಡಿ, ನೀರು ಕುಡಿಸಿ, ಈಗ ತುಮಕೂರಿನ ಕಡೆ ಬೆರಳು ತೋರಿಸುತ್ತಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ನೆಲವಂತೂ ನಿಜವಾಗಿಯೂ ಡೊಂಕು, ಅದನ್ನಾದರೂ ಹೇಳಿ, ಸರಕನ್ನು ಯಾಕೆ ಅನ್ನುತ್ತೀರಿ?

ನಿನ್ನ ಕಾಗದ ಓದಿದ ಮೇಲೆ ಇವರ ಮುಖ ನೋಡಿ ಊಟ ಬಡಿಸಲು ಆಗುತ್ತಿಲ್ಲ. ಏನಾಯಿತು ಎಂದು ಎರಡು ಸಲ ಕೇಳಿದರು. ತಲೆನೋವು ಎಂದೆ.

ಅನಿಕೇತ್ ಅವರಿಗೆ ಹೇಳಬೇಕೆನ್ನಿಸಿದರೆ ಹೇಳು. ನನ್ನನ್ನು ಕೇಳಬೇಡ. ಆದರೆ ಗೊತ್ತಿಲ್ಲದೆ ಗ್ರೀಸಿನ ಮೇಲೆ ಹಾಕಬೇಡ.

ಪ್ರಮೀಳಾ


ಪ್ರಾಜೆಕ್ಟ್ ಕಾಲೊನಿ
23 ಡಿಸೆಂಬರ್ 2025

ಅಕ್ಕನಿಗೆ,

ನೀನು ಹೇಳಿದ ಹಾಗೇ ಆಗಲಿ. ಯಾರ ಮೇಲೂ ಹಾಕುವುದಿಲ್ಲ.

ಆ ಬಿಗಿಯಾದ ಪೀಸನ್ನು ನನ್ನ ಆಫೀಸ್ ರೂಮಿಗೆ ತಂದು, ಬಟ್ಟೆಯಲ್ಲಿ ಸಂದುಗಳನ್ನೆಲ್ಲ ಒರೆಸಿ, ಮೇಜಿನ ಪಕ್ಕ ಇಟ್ಟಿದ್ದೆ. ಊಟ ಮುಗಿಸಿ ಬಂದು ಎಳೆದರೆ ಬೆಣ್ಣೆಯ ಹಾಗೆ ಜಾರಿತು. ಅಲ್ಲಿಗೆ ಮೇಲಿನ ಜಿಡ್ಡು ಅಷ್ಟೇ. ಬಾಕಿಯವುಗಳನ್ನೂ ಒಂದೊಂದಾಗಿ ಇಳಿಸಿ, ಒರೆಸಿ ಮತ್ತೆ ಹಾಕಿಸುತ್ತಿದ್ದೇನೆ. ಹಾಟ್ ರನ್‌ಗೆ ಮುಂಚೆ ಮುಗಿಯುತ್ತದೆ. ಅನಿಕೇತ್ ಅವರಿಗೆ ಹೇಳುವ ಅಗತ್ಯವಿಲ್ಲ. ಭಾವನ ಹೆಸರು ಬರುವುದಿಲ್ಲ, ನಿನ್ನದೂ ಬರುವುದಿಲ್ಲ.

ಮಾವನವರಿಗೆ ಟಿಕೆಟ್ ಬುಕ್ ಮಾಡಿದ್ದೇನೆ. ಸಂಕ್ರಾಂತಿ ಆದ ಮೇಲೆ ಬರಲಿ. ಕ್ವಾರ್ಟರ್ಸಿನಲ್ಲಿ ತೊಟ್ಟಿಲಿಗೆ ಕೊಂಡಿ ಹೊಡೆಸಿದ್ದೇನೆ. ಇಲ್ಲಿ ಎಲ್ಲ ಸರಿ ಇದೆ ಎಂದು ಹೇಳು.

ಚಂದ್ರು


ಉಪ್ಪಾರಹಳ್ಳಿ, ತುಮಕೂರು
29 ಡಿಸೆಂಬರ್ 2025
(ಕೊರಿಯರ್)

ಚಂದ್ರು,

ನಿನ್ನೆ ಫೋನಿನಲ್ಲಿ ‘ಯಾವುದನ್ನೂ ಮುಟ್ಟಬೇಡ, ಕಾಗದ ಬರುತ್ತೆ’ ಎಂದಷ್ಟೇ ಹೇಳಿ ಇಟ್ಟಿದ್ದಕ್ಕೆ ಗಾಬರಿಯಾಗಿರುತ್ತೀಯ. ಅಮ್ಮ ನನ್ನ ಮಗ್ಗುಲಲ್ಲೇ ಕೂತಿದ್ದಳು. ಅವಳ ಮುಂದೆ ಹೇಗೆ ಹೇಳಲಿ? ಈಗ ಓದು, ಓದಿದ ಕೂಡಲೇ ಎದ್ದು ಅನಿಕೇತ್ ಅವರ ಹತ್ತಿರ ಹೋಗು.

ಮೊನ್ನೆ ಬೆಳಿಗ್ಗೆ ಇಲ್ಲೂ ಚಳಿ. ಅತ್ತೆ ಎಣ್ಣೆ ಬಾಟಲಿಯನ್ನು ಕಾಂಪೌಂಡಿನ ಮೇಲೆ ಬಿಸಿಲಿಗಿಡುತ್ತಾ, ‘ಕಲ್ಲಾಗೈತೆ ನೋಡೇ’ ಅಂದರು. ಬಾಟಲಿಯ ತುಂಬ ಬೆಳ್ಳಗೆ ಗಡ್ಡೆ. ನಿನ್ನ ಕಾಗದದಲ್ಲಿದ್ದ ಬಿಳುಪು ಕಣ್ಣಿಗೆ ಬಂತು. ಸ್ನಾನ ಬಿಟ್ಟು ಶೆಡ್ಡಿಗೆ ಓಡಿದೆ.

ಬೆಟ್ಟಸ್ವಾಮಿಯನ್ನು ಮೂಲೆಗೆ ಕರೆದು ಕೇಳಿದೆ. ಆಯುಧಪೂಜೆಯ ದಿನ ನಾನು ಹೋದ ಮೇಲೆ ಏನಾಯಿತು? ಅವನು ಮೊದಲು ನೆಲ ನೋಡಿದ. ಆಮೇಲೆ ಹೇಳಿದ. ಮಂಗಳಾರತಿ ಆದ ಮೇಲೆ ಅಮ್ಮ ತನ್ನ ಕ್ಯಾನು ಬಿಚ್ಚಿದಳಂತೆ. ಮನೆ ಬಿಟ್ಟು ದೂರ ಹೋಗುವ ಹೆಣ್ಣುಮಗಳಿಗೆ ಎಣ್ಣೆ ಹಚ್ಚಿ ಕಳಿಸುವುದಿಲ್ಲವೇ ಎಂದಳಂತೆ. ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಒಂದೊಂದು ಪೀಸಿನ ಒಂದೊಂದು ಸಂದಿಗೂ ಹನಿ ಹನಿಯಾಗಿ ಬಿಟ್ಟಳಂತೆ. ‘ಕೀಲು ಸಲೀಸಾಗಿ ಆಡ್ಲಿ ಕಣಪ್ಪ, ನನ್ ಮಗ ಇರೋ ಜಾಗ.’ ಬಾಗಿಲ ತಿರುಗಣಿಗೆ, ಹೊಲಿಗೆ ಮಿಷನ್ನಿಗೆ, ನಿನ್ನ ಹಳೆಯ ಸೈಕಲ್ ಚೈನಿಗೆ, ಎಲ್ಲಕ್ಕೂ ಅವಳು ಇದನ್ನೇ ತಾನೇ ಬಿಡುತ್ತಿದ್ದದ್ದು? ಇವನು ಬೇಡ ಎನ್ನಲು ಬಾಯಿ ತೆರೆದನಂತೆ. ಹೆತ್ತವಳು ಎಂದು ಮುಚ್ಚಿಕೊಂಡನಂತೆ. ಮಾರನೆಯ ದಿನ ಕುಂಕುಮ ಒರೆಸಿ ಪೆಟ್ಟಿಗೆ ಮುಚ್ಚಿದ. ನನ್ನ ಸಹಿ ಪೂಜೆಗೂ ಹಿಂದಿನ ದಿನದ್ದು. ಸಹಿಯಾದ ಮೇಲೆ ಯಾರೂ ಮುಟ್ಟಬಾರದೆಂದು ವರ್ಷಪೂರ್ತಿ ಕೂಗುವವಳು ನಾನು. ಪೂಜೆಯೂ ಮುಟ್ಟುವುದೇ ಎಂದು ನನಗೇ ಹೊಳೆಯಲಿಲ್ಲ.

ಈಗ ಸರಿಯಾಗಿ ಕೇಳು. ನೀನು ಒರೆಸಿದ್ದರಿಂದ ಅದು ಜಾರಲಿಲ್ಲ. ನಿನ್ನ ರೂಮಿನಲ್ಲಿ ಹೀಟರ್ ಇದೆ ತಾನೇ? ಅದರ ಪಕ್ಕದಲ್ಲೇ ಇಟ್ಟಿದ್ದೆಯಾ? ಬಿಸಿಗೆ ಎಣ್ಣೆ ಕರಗಿದೆ, ಅಷ್ಟೇ. ಒಳಗೆ ಇಳಿದದ್ದು ಬಟ್ಟೆಗೆ ಸಿಗುವುದಿಲ್ಲ. ಹಾಟ್ ರನ್‌ನಲ್ಲೂ ಪೈಪಿನ ಕಾವಿಗೆ ಕರಗಿ ಎಲ್ಲ ಪೀಸೂ ಪಾಸಾಗುತ್ತವೆ ಕಣೋ. ಆಮೇಲೆ ಆರಿದಾಗ ಮತ್ತೆ ಕಲ್ಲು. ಕಾದು ಕಾದು ಹಳೆಯ ಬಾಣಲೆಯ ಅಂಚಿನ ಜಿಡ್ಡಿನ ಹಾಗೆ ಅಂಟಿಕೊಂಡರೆ ಬಿಸಿಗೂ ಜಗ್ಗುವುದಿಲ್ಲ. ಅಷ್ಟರಲ್ಲಿ ಒಳಗೆ ಇಂಧನ, ಕ್ವಾರ್ಟರ್ಸಿನಲ್ಲಿ ನಿನ್ನ ತೊಟ್ಟಿಲು.

ಇವರಿಗೆ ಹೇಳಿದೆ. ಗಾಡಿ ತೆಗೆದುಕೊಂಡು ದೇವರಾಯನದುರ್ಗದ ಕಡೆ ಹೋದರು. ಸಂಜೆಯಾದರೂ ಬರಲಿಲ್ಲ, ಫೋನೂ ಎತ್ತಲಿಲ್ಲ. ನಾನು ಏನೇನೋ ಯೋಚಿಸಿ ಬಾಗಿಲಲ್ಲೇ ನಿಂತಿದ್ದೆ. ಬಂದವರು ಚಪ್ಪಲಿ ಬಿಡುತ್ತಾ, ‘ಎಲ್ಲಾ ವಾಪಸ್ ತರ್ಸು. ಒಂದೂ ಅಲ್ಲಿರಬಾರ್ದು’ ಅಂದರು. ನಿನ್ನ ಅನುಮಾನದ ಕಾಗದವನ್ನೂ ಅವರಿಗೆ ತೋರಿಸಿದೆ. ಓದಿ ಮಡಿಸಿ ಕೊಟ್ಟರು. ಬೇಜಾರಾಗಿದೆ, ಸುಳ್ಳು ಹೇಳುವುದಿಲ್ಲ.

ಸ್ಥಾವರದವರಿಗೆ ನಾನು ಬೇರೆ ಕಾಗದ ಕಳಿಸಿದ್ದೇನೆ, ಎಣ್ಣೆಯ ಹೆಸರು ಸಮೇತ. ಆದರೆ ಅದು ಹತ್ತು ಮೇಜು ಸುತ್ತಿ ಬರುವಷ್ಟರಲ್ಲಿ ಹಾಟ್ ರನ್ ಮುಗಿದುಹೋಗುತ್ತದೆ. ನೀನೇ ಬಾಯಿ ಬಿಡಬೇಕು.

ಪ್ರಮೀಳಾ


ಪ್ರಾಜೆಕ್ಟ್ ಕಾಲೊನಿ
7 ಜನವರಿ 2026

ಅಕ್ಕಾ,

ಕಾಗದ ಕೈಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಪೀಸುಗಳನ್ನು ಒರೆಸಿ ಮತ್ತೆ ಪೈಪಿಗೆ ಹಾಕಿಸಿಯಾಗಿತ್ತು. ಹೌದು, ಆ ಮೊದಲ ಪೀಸನ್ನು ಹೀಟರಿನ ಪಕ್ಕದಲ್ಲೇ ಇಟ್ಟಿದ್ದೆ. ಓದಿದ ಕೂಡಲೇ ಎದ್ದೆ.

ಅನಿಕೇತ್ ಅವರ ಮುಂದೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ, ಅದೇ ಕಷ್ಟವಾಯಿತು. ಎಲ್ಲವನ್ನೂ ಇಳಿಸಿ, ರಾತ್ರಿಯೆಲ್ಲ ಬಯಲಿನ ಚಳಿಯಲ್ಲಿ ಇಡಿಸಿ, ಬೆಳಿಗ್ಗೆ ಅಲ್ಲೇ ಎಳೆಸಿ ನೋಡಿದರು. ನಾನು ಒರೆಸಿ ಸರಿಯಾಗಿದೆ ಅಂದಿದ್ದವುಗಳಲ್ಲೇ ಹೆಚ್ಚಿನವು ಅಲ್ಲಾಡಲಿಲ್ಲ. ಅವರು ನನ್ನ ಕಡೆ ತಿರುಗಿ, ‘ಎಣ್ಣೆ ಬಿದ್ದದ್ದು ತಿಳಿಯದೆ ಆದ ತಪ್ಪು ಚಂದ್ರು. ನೀವು ಒರೆಸಿದ್ದು ತಿಳಿದು ಮಾಡಿದ್ದು’ ಅಂದರು. ನನ್ನನ್ನು ಆ ತಂಡದಿಂದ ತೆಗೆದಿದ್ದಾರೆ. ವಿಚಾರಣೆ ನಡೆಯುತ್ತದೆ. ಹಾಟ್ ರನ್ ಮುಂದೆ ಹೋಗಿದೆ, ಯಾವಾಗ ಎಂದು ಗೊತ್ತಿಲ್ಲ.

ಇನ್ನೊಂದು ಸಂಗತಿ, ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಮೊನ್ನೆ ಬೆಳಗಿನ ಜಾವ ನೆಲ ನಡುಗಿತು. ಈ ಸಲ ತಟ್ಟೆ ಲೋಟದ ಲೆಕ್ಕದ್ದಲ್ಲ. ಮಂಚ ಗೋಡೆಯಿಂದ ಸರಿಯಿತು, ಬೀರು ಬಿತ್ತು. ತೊಟ್ಟಿಲಿಗೆ ಹೊಡೆಸಿದ್ದ ಕೊಂಡಿ ಗಾರೆಯ ಸಮೇತ ಕಳಚಿ ಕೆಳಗೆ ಬಿದ್ದಿತ್ತು. ಸ್ಥಾವರಕ್ಕೆ ಏನೂ ಆಗಲಿಲ್ಲ. ಪೈಪುಗಳು ಖಾಲಿ ಇದ್ದವು, ಪೀಸುಗಳೆಲ್ಲ ಮೇಜಿನ ಮೇಲಿದ್ದವು. ಆರು ತಿಂಗಳು ಬಿಟ್ಟು ಆಗಿದ್ದರೆ ಎಂದು ಯೋಚಿಸುತ್ತಾ ಕೂತರೆ ಬೆಳಗಾಗುತ್ತದೆ.

ಮೂಗು ಬಿಟ್ಟಿದೆ. ನಿನ್ನೆ ಅವರು ನನ್ನ ಮುಂದೆಯೇ ಒಂದು ಪೀಸು ಬಿಚ್ಚಿಸಿದಾಗ ಬೆರಳಿಗೆ ಬಿಳುಪು ಹತ್ತಿತು, ಮೂಗಿಗೆ ಹಿಡಿದೆ. ಶನಿವಾರದ ನಮ್ಮ ಬಚ್ಚಲು ಮನೆ ಕಣೇ ಅದು. ಅಮ್ಮನ ಕೈ. ಅಷ್ಟು ಜನರ ಮುಂದೆ ನನಗೆ ಅಳು ಬಂತು. ಅವರೆಲ್ಲ ನೌಕರಿಯ ಚಿಂತೆಗೆ ಅಳುತ್ತಾನೆ ಅಂದುಕೊಂಡರು.

ಅಮ್ಮನಿಗೆ ಇದು ಯಾವತ್ತೂ ಗೊತ್ತಾಗಬಾರದು. ಭಾವನವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳು. ಇಲ್ಲ, ಬೇಡ. ಅವರಿಗೆ ನಾನೇ ಬರೆಯುತ್ತೇನೆ.

ಚಂದ್ರು


ಉಪ್ಪಾರಹಳ್ಳಿ, ತುಮಕೂರು
19 ಜನವರಿ 2026

ಚಂದ್ರು,

ಪೆಟ್ಟಿಗೆಗಳು ವಾಪಸ್ ಬಂದವು. ಅಮ್ಮನಿಗೆ ಗೊತ್ತಾಯಿತು. ನಾನೇ ಹೇಳಿದೆ.

ಹೇಳುವ ಮನಸ್ಸಿರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಅವಳು ಶೆಡ್ಡಿಗೆ ಬಂದಳು. ಬೆಂಚಿನ ಮೇಲೆ ಪೀಸುಗಳೆಲ್ಲ ಬಿಚ್ಚಿಕೊಂಡು ಬಿದ್ದಿದ್ದವು. ಬೆಟ್ಟಸ್ವಾಮಿ ಅವಳನ್ನು ನೋಡಿದವನೇ ಹಿಂದಿನ ಬಾಗಿಲಿನಿಂದ ಹೊರಗೆ ಹೋದ. ‘ಯಾಕೆ ತಿರುಗಿ ಬಂದ್ವು? ಗಂಡನ್ ಮನೇಲಿ ಏನ್ ತಪ್ಪು ಮಾಡಿದ್ವು?’ ಎಂದು ನಗುತ್ತಲೇ ಕೇಳಿದಳು. ನನ್ನ ಬಾಯಿಗೆ ಒಂದು ಸುಳ್ಳು ಬಂದಿತ್ತು. ಅಷ್ಟರಲ್ಲಿ ನಿನ್ನ ಆ ಕೊಂಡಿ ನೆನಪಾಯಿತು. ಸುಳ್ಳು ಹೇಳಲಾಗಲಿಲ್ಲ. ನೆಲ ನಡುಗುವುದು, ಚಳಿ, ಎಣ್ಣೆ, ಎಲ್ಲ ಹೇಳಿಬಿಟ್ಟೆ.

ಅವಳು ಅಳುತ್ತಾಳೆ ಅಂದುಕೊಂಡೆ. ಒಂದು ಪೀಸು ಕೈಗೆತ್ತಿಕೊಂಡು ಸಂದಿಗೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ.

‘ಕೊಬ್ರಿ ಎಣ್ಣೆ ಚಳೀಗೆ ಗಟ್ಟಿ ಆಯ್ತದೆ ಅಂತ ನಂಗೊತ್ತಿಲ್ವೇನೇ? ಹುಟ್ಟಿದಾಗಿಂದ ಅದರೊಳಗೇ ಬೆಳೆದಿವ್ನಿ. ಅವ್ನು ನಮ್ಮೂರಂಗೇ ಬೆಚ್ಚಗೈತೆ ಅಂದಿದ್ನಲ್ಲವ್ವಾ. ಚಳಿ ಐತೆ ಅಂತ ಒಂದೇ ಒಂದು ಮಾತು ಯೋಳಿದ್ರೆ ನಾನ್ಯಾಕೆ ಬುಡ್ತಿದ್ದೆ?’

ಇದಕ್ಕೆ ಉತ್ತರ ನಿನ್ನ ಹತ್ತಿರ ಇದ್ದರೆ ನೀನು ಕೊಡು.

ಅವಳು ಎಳ್ಳಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಬಸ್ ಹತ್ತಿ ಗುಬ್ಬಿಗೆ ಹೋದಳು. ಹೋಗುವಾಗ, ಅವನು ಇನ್ನೇನೇನು ಮುಚ್ಚಿಟ್ಟಿದ್ದಾನೋ ಕೇಳು ಅಂದಳು. ನಿನ್ನ ಮಾವನಿಗೂ ನಾನೇ ಕುಣಿಗಲ್ಲಿಗೆ ಹೋಗಿ ಹೇಳಿ ಬಂದೆ, ಕೊಟ್ಟ ಮಾತು ವಾಪಸ್ ತೆಗೆದುಕೊಂಡೆ. ಟಿಕೆಟ್ ಕ್ಯಾನ್ಸಲ್ ಮಾಡಿಸಿದರು. ಕೋಪ ಮಾಡಿಕೊಳ್ಳಲಿಲ್ಲ, ಹೇಳಿದ್ದು ಒಳ್ಳೆಯದಾಯಿತು ಎಂದು ಕಾಫಿ ಕೊಡಿಸಿದರು. ಮಾನಸಾ ಮಾತ್ರ ನನಗೆ ಮಗುವನ್ನೂ ಎತ್ತಿಕೊಳ್ಳಲು ಕೊಡಲಿಲ್ಲ.

ಶೆಡ್ಡಿನಲ್ಲಿ ಅರ್ಧ ಜನಕ್ಕೆ ಕೆಲಸವಿಲ್ಲ. ಮತ್ತೆ ಮಾಡಿಕೊಡುತ್ತೇವೆ ಎಂದು ಇವರು ಬರೆದಿದ್ದಾರೆ, ಅಲ್ಲಿಂದ ಉತ್ತರವಿಲ್ಲ. ನಿನ್ನ ಕಾಗದ ಇವರಿಗೆ ಬಂತು. ಏನು ಬರೆದಿದ್ದೀಯ ಎಂದು ನನಗೆ ತೋರಿಸಲಿಲ್ಲ, ಜೇಬಿನಲ್ಲೇ ಇದೆ.

ಅಮ್ಮ ನನ್ನ ಫೋನೂ ಎತ್ತುತ್ತಿಲ್ಲ. ನೀನು ಬರಿ. ನನಗಲ್ಲ, ಅವಳಿಗೆ.

ಪ್ರಮೀಳಾ


ಪ್ರಾಜೆಕ್ಟ್ ಕಾಲೊನಿ
27 ಜನವರಿ 2026

ಅಮ್ಮಾ,

ಈ ಕಾಗದವನ್ನು ಅಕ್ಕ ಗುಬ್ಬಿಗೆ ಬಂದು ಓದಿ ಹೇಳುತ್ತಾಳೆ. ಯಾವ ಸಾಲನ್ನೂ ಹಾರಿಸದೆ ಓದು ಎಂದು ಅವಳಿಗೆ ಹೇಳು.

ಇಲ್ಲಿ ನಮ್ಮೂರಿನ ಹಾಗಿಲ್ಲ. ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಗಾಜಿನ ಹಾಗೆ ಮಂಜುಗಡ್ಡೆ ಕಟ್ಟಿರುತ್ತದೆ. ನನ್ನ ಕೈಬೆರಳುಗಳು ಒಡೆದು ರಕ್ತ ಬರುತ್ತದೆ. ನೀನು ಕಳಿಸಿದ ಎಣ್ಣೆಯನ್ನು ಎರಡು ವರ್ಷದಿಂದ ಒಲೆಯ ಮೇಲಿಟ್ಟು ಕರಗಿಸಿಯೇ ಹಚ್ಚಿಕೊಳ್ಳುತ್ತಿದ್ದೇನೆ. ಅದು ದಿನಾ ಕಣ್ಣೆದುರಿಗಿದ್ದರೂ ಆ ಪೀಸಿನೊಳಗಿನ ಬಿಳುಪು ನನಗೆ ಗುರುತು ಸಿಗಲಿಲ್ಲ. ಅದು ನಮ್ಮ ಮನೆಯಿಂದಲೇ ಬಂದಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಎಣ್ಣೆ ಬಿಟ್ಟಿದ್ದು ನೀನಲ್ಲಮ್ಮ, ನಾನು. ನಿನಗೆ ನಿದ್ದೆ ಬರಲಿ ಎಂದು ಹೇಳಿದ ಮಾತು ಲಾರಿ ಹತ್ತಿ ನನ್ನ ಹತ್ತಿರಕ್ಕೇ ಬಂತು. ಇಲ್ಲಿ ವಿಚಾರಣೆಯಲ್ಲಿ ಯಾರಿಂದ ತಪ್ಪಾಯಿತು ಎಂದು ಕೇಳಿದರು. ಹೀಗೇ ಹೇಳಿದೆ. ಅವರು ಬರೆದುಕೊಳ್ಳಲಿಲ್ಲ, ಅದು ಕೆಲಸಕ್ಕೆ ಬರುವ ಉತ್ತರವಲ್ಲವಂತೆ. ನೌಕರಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಉಳಿದರೂ ಸದ್ಯಕ್ಕೆ ಮಗುವನ್ನು ಇಲ್ಲಿಗೆ ಕರೆಸುವುದಿಲ್ಲ. ಹೊಸ ಪೀಸುಗಳು ಬಂದು, ಚಳಿಯಲ್ಲಿಟ್ಟು, ಎಳೆದು, ನಡುಗಿಸಿ ನೋಡಿದ ಮೇಲೆ ಕರೆಸಬಹುದಾ ಎಂದು ಮಾನಸಾ ಕೇಳುತ್ತಾಳೆ. ಗೊತ್ತಿಲ್ಲ ಎಂದು ಹೇಳಿದ್ದೇನೆ. ಅವಳಿಗೆ ನಾನು ನಿಜ ಹೇಳಿದ್ದು ಇದೇ ಮೊದಲು.

ಇನ್ನೇನು ಮುಚ್ಚಿಟ್ಟಿದ್ದೇನೆ ಎಂದು ಕೇಳಿದೆಯಂತೆ. ಒಂದೇ ಬಾಕಿ ಇದೆ. ಇವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಮತ್ತೆ ನೆಲ ನಡುಗಿತು. ಎಲ್ಲರ ಜೊತೆ ಹೊರಗೆ ಓಡಿದೆ. ಬರಿಗಾಲಿನಲ್ಲಿ ಬಯಲಲ್ಲಿ ನಿಂತಾಗ ಭಯವಾಯಿತು ಅಮ್ಮಾ. ತುಂಬ ಭಯವಾಯಿತು.

ನಿನ್ನ ಮಗ,
ಚಂದ್ರು